ಗುರುತು ಬಟ್ಟೆಯದು, ಉಟ್ಟವರದಲ್ಲ

"ನೋಡ್ರಿ ಅಮ್ಮಾರೆ, ನಾನು ಒಂದಕ್ಷರ ಒತ್ತಿಲ್ಲ. ತಾನಾಗೇ ಅವಳ ಹೆಸರು ಕರೀತೈತೆ."

ಬಕ್ಕೇಶನ ಬೆರಳು ಪರದೆಯ ಗಾಜಿಗೆ ತಾಗಿಯೇ ಬಿಟ್ಟಿತು. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಶುಭಾಶಯ ಕಾರ್ಡುಗಳ ತಾಣವೊಂದು, ಅವನ ಅಂಗಡಿಯಲ್ಲಿ ಗಿರಾಕಿಯ ಮುಂದೆ ಸೀರೆ ಬಿಚ್ಚಿ ಹರಡುವ ಹಾಗೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಮೊದಲು ಹೂವಿನ ಅಂಚು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ‘ಮತ್ತೆ ಸ್ವಾಗತ, ನಯನಾ.’

ಅದರ ಕೆಳಗೆ ಆ ಹೆಸರಿನಿಂದ ಹಿಂದೆ ಹೋದ ಕಾರ್ಡುಗಳು. ಒಂದು, ಬಳ್ಳಾರಿಗೆ ಮದುವೆಯಾಗಿ ಹೋದ ಗೆಳತಿ ನಸೀಮಾಗೆ. ಇನ್ನೊಂದು ಶಿವಮೂರ್ತಿಗೆ. ಅದರಲ್ಲಿ ಎರಡು ಗಿಣಿಗಳು, ಗಿಣಿಗಳ ಕಾಲಡಿ ಒಂದು ಮಾತು: ‘ನಿಮ್ಮ ಅಂಗಡಿಯ ಕಿಟಕಿ ನನಗೆ ನಮ್ಮ ಮನೆ ಬಾಗಿಲಿಗಿಂತ ಹತ್ತಿರ.’

ಆ ಶಿವಮೂರ್ತಿ ಅಲ್ಲೇ ಮೇಜಿನ ಹಿಂದೆ ನಿಂತಿದ್ದ. ಕೆ.ಬಿ. ಬಡಾವಣೆಯ ಈ ಇಂಟರ್‌ನೆಟ್ ಅಂಗಡಿ ಅವನದು, ಕಟ್ಟಡ ಮಾತ್ರ ಬಕ್ಕೇಶನ ಮನೆಯವರದು. ಬಕ್ಕೇಶನ ಹೆಂಡತಿ ನಯನಾ ಹರಿಹರದ ಹುಡುಗಿ, ಶಿವಮೂರ್ತಿಯೂ ಹರಿಹರದವನು, ಕಾಲೇಜಿನಲ್ಲಿ ಒಂದೇ ತರಗತಿ. ಇಷ್ಟು ಸಾಲದೇ ಒಬ್ಬ ಗಂಡನ ನಿದ್ದೆ ಕೆಡಲು?

ಹೊಟ್ಟೆಕಿಚ್ಚಿಗೆ ಸೌದೆ ಹೊರಬೇಕಾಗಿಲ್ಲ, ಊದುವವರೂ ಬೇಡ. ಅದು ತನ್ನನ್ನು ತಾನೇ ತಿಂದು ಉರಿಯುತ್ತದೆ. ಬಕ್ಕೇಶ ಅದನ್ನು ದಸರೆ ಕಳೆದಾಗಿನಿಂದ ಎದೆಯಲ್ಲಿ ಹೊತ್ತು ತಿರುಗುತ್ತಿದ್ದ. ನಯನಾ ತವರು ಸೇರಿದ್ದಳು. ಇವತ್ತು ದೀಪ ಹಚ್ಚುವ ಹೊತ್ತಿಗೆ ಹರಿಹರದ ಆ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂಡುವವರಿದ್ದರು. ಅಲ್ಲಿ ಬಕ್ಕೇಶ ‘ಒಲ್ಲೆ’ ಎಂದುಬಿಟ್ಟರೆ ಅವಳಿಗೆ ಗಂಡನ ಮನೆಯ ಹೊಸ್ತಿಲು ಮುಚ್ಚಿದಂತೆಯೇ.

ಬಕ್ಕೇಶ ‘ಅಮ್ಮಾರೆ’ ಎಂದದ್ದು ಪಕ್ಕದಲ್ಲಿ ನಿಂತಿದ್ದ ಸರ್ವಮಂಗಳಮ್ಮನವರನ್ನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿ ನಿವೃತ್ತಿಯಾದ ಹೆಂಗಸು ಆಕೆ. ಊರಿನವರ ಸುಖದುಃಖವೆಲ್ಲ ಕಿವಿಯ ಪಕ್ಕದಲ್ಲೇ ಹರಿದುಹೋದರೂ ಒಂದನ್ನೂ ಬಾಯಿಗೆ ತಂದವರಲ್ಲ. ಆ ಮೌನವೇ ಈಗ ಅವರನ್ನು ಪತ್ತೇದಾರಿಕೆಗೆ ಎಳೆದಿತ್ತು. ಜನ ಬಂದು ಎದುರಿಗೆ ಕೂತು, ಹೇಳಬಾರದ್ದನ್ನೂ ಹೇಳಿ ಹೋಗುತ್ತಿದ್ದರು.

ನೆನ್ನೆ ಬಂದವರು ಬಕ್ಕೇಶನ ತಾಯಿ ಶಕುಂತಲಮ್ಮ. ಬೆಳಗಿನ ಲಿಂಗಪೂಜೆ ಆಗಷ್ಟೇ ಮುಗಿದಿತ್ತು. ಹಣೆಯ ತುಂಬ ವಿಭೂತಿ, ಕಣ್ಣ ತುಂಬ ನೀರು. ಮದುವೆಗೆ ಮೊದಲೇ ಟೈಪಿಂಗ್ ಪರೀಕ್ಷೆ ಪಾಸಾಗಿ, ಇವತ್ತಿಗೂ ಬಟ್ಟೆ ಅಂಗಡಿಯ ಕಾಗದಪತ್ರವನ್ನು ತಾವೇ ಟೈಪು ಮಾಡುವ ಗಟ್ಟಿ ಹೆಂಗಸು, ಅವತ್ತು ಮಗುವಿನ ಹಾಗೆ ಅತ್ತರು. ಮಗ ಮದುವೆಯಾದ ಮೇಲೆ ನನ್ನ ಕೈತುತ್ತು ಮರೆತ, ಅದಕ್ಕೂ ನಾನು ಸಂತೋಷಪಟ್ಟೆ, ಈಗ ಆ ಹುಡುಗಿಯನ್ನೂ ಬಿಡುತ್ತೇನೆ ಅನ್ನುತ್ತಾನೆ, ನೀವೇ ಉಳಿಸಿಕೊಡಿ ಎಂದಿದ್ದರು. ಆ ಕಣ್ಣೀರಿಗೆ ಓಗೊಟ್ಟೇ ಸರ್ವಮಂಗಳಮ್ಮ ಈ ಕಿಟಕಿಯ ಬಳಿಗೆ ಬಂದಿದ್ದು.

"ನೀನು ಈ ಕಂಪ್ಯೂಟರ್‌ಗೆ ಬಂದು ಕೂತಿದ್ದು ಹೆಂಗಪ್ಪ?" ಎಂದು ಕೇಳಿದರು.

ದೀಪಾವಳಿಗೆ ಬೀಗರಿಗೆಲ್ಲ ಕಂಪ್ಯೂಟರಿನಲ್ಲೇ ಕಾರ್ಡು ಕಳಿಸಬಹುದಂತೆ, ಹೋಗಿ ನೋಡಿಕೊಂಡು ಬಾ ಎಂದು ಮನೆಯಲ್ಲಿ ಹೇಳಿದ್ದರು, ಬಂದೆ, ಕಿಟಕಿ ಪಕ್ಕ ಗಾಳಿ ಚೆನ್ನಾಗಿತ್ತು, ಕೂತೆ ಎಂದ. ಕಾರ್ಡಿನಲ್ಲಿದ್ದ ಕಿಟಕಿಯ ಮಾತು ನೆನಪಾಗಿ ಅವನ ಮುಖ ಮತ್ತೆ ಬಿಗಿಯಿತು.

"ಎದ್ದು ಇನ್ನೊಮ್ಮೆ ಕೂಡು. ತಾಣ ಮುಚ್ಚಿ, ಮತ್ತೆ ತೆಗಿ."

ಅವನು ಹಾಗೇ ಮಾಡಿದ. ಹೂವಿನ ಅಂಚು ಬಂತು. ‘ಮತ್ತೆ ಸ್ವಾಗತ, ನಯನಾ.’

"ಈಗ ಕೂತಿರೋರು ಯಾರು?"

"ನಾನು."

"ಅದು ಯಾರು ಅಂತೈತೆ?"

ಸರ್ವಮಂಗಳಮ್ಮ ಶಿವಮೂರ್ತಿಯ ಇ-ಮೇಲ್ ವಿಳಾಸ ಕೇಳಿ, ಅದನ್ನು ಬಕ್ಕೇಶನ ಕೈಯಿಂದಲೇ ಒತ್ತಿಸಿದರು. ಒಂದು ಗುಲಾಬಿಯ ಕಾರ್ಡು ಆರಿಸಿ ಕಳಿಸು ಎಂದರು. ಅವನಿಗೆ ಸಿಟ್ಟು ಬಂದರೂ ಹಿರಿಯರ ಮಾತು ಮೀರಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಶಿವಮೂರ್ತಿಯ ಅಂಚೆಪೆಟ್ಟಿಗೆಗೆ ಗುಲಾಬಿ ಬಂದು ಬಿತ್ತು. ಕಳಿಸಿದವರು: ನಯನಾ.

ಶಿವಮೂರ್ತಿ ತಲೆ ತಗ್ಗಿಸಿಕೊಂಡು, "ಬಕ್ಕೇಶಣ್ಣ, ನಿಮ್ಮ ಗುಲಾಬಿ ಬಂತ್ರಿ," ಎಂದ.

"ಬಾಯಿ ಮುಚ್ಕೊಂಡಿರು," ಎಂದ ಬಕ್ಕೇಶ. ಆದರೆ ಆ ಗದರಿಕೆಯಲ್ಲಿ ಮೊದಲಿನ ಕಾವು ಇರಲಿಲ್ಲ.

ಸರ್ವಮಂಗಳಮ್ಮ ಕುರ್ಚಿ ಎಳೆದುಕೊಂಡು ಕೂತರು. ಆವರಗೆರೆಯಲ್ಲಿ ತಾವು ಸೊಸೆಯಾಗಿದ್ದಾಗಿನ ಒಂದು ಸಂಗತಿ ಹೇಳಿದರು. ಮಡಿವಾಳರ ಚೌಡವ್ವ ಬಟ್ಟೆ ಒಯ್ಯುವಾಗ ಪ್ರತಿ ಬಟ್ಟೆಯ ಮೂಲೆಗೂ ಕೇರುಬೀಜದ ಮಸಿಯಲ್ಲಿ ಒಂದು ಗುರುತು ಹಾಕುತ್ತಿದ್ದಳು. ಈ ಮನೆಗೆ ಎರಡು ಗೆರೆ, ಆ ಮನೆಗೆ ಒಂದು ಚುಕ್ಕಿ. ಹಾಕಿದವಳು ಅವಳು, ಇಟ್ಟುಕೊಂಡಿರುವವರು ನಾವು, ಓದಬಲ್ಲವಳು ಮತ್ತೆ ಅವಳೊಬ್ಬಳೇ. ಒಂದು ಸಲ ಗೌಡರ ಪಂಚೆ ತಪ್ಪಿ ಇವರ ಮನೆಗೆ ಬಂತು. ಇವರ ಮಾವನವರು ನೋಡದೆ ಉಟ್ಟುಕೊಂಡು ಮಠಕ್ಕೆ ಹೊರಟರು. ಹಳ್ಳದ ದಂಡೆಯಲ್ಲಿ ಚೌಡವ್ವ ಪಂಚೆಯ ಮೂಲೆ ನೋಡಿ, ‘ಗೌಡ್ರೆ ಶರಣ್ರಿ’ ಎಂದು ಕೈಮುಗಿದಳಂತೆ, ಮುಖದ ಕಡೆ ನೋಡದೆ.

"ಈ ತಾಣದೋರೂ ಹಂಗೇ ಒಂದು ಗುರುತು ಈ ಕಂಪ್ಯೂಟರ್‌ನಾಗೆ ಇಟ್ಟು ಹೋಗ್ಯಾರ. ಮುಂದಿನ ಸಲ ಅದನ್ನೇ ಓದಿ ಹೆಸರು ಕರೀತಾರ. ಗುರುತು ಬಟ್ಟೆಯದಪ್ಪ, ಉಟ್ಟವರದಲ್ಲ."

ಅದಕ್ಕೆ ಕುಕಿ ಎನ್ನುತ್ತಾರೆ ಎಂದು ಶಿವಮೂರ್ತಿ ಸೇರಿಸಿದ. ಪುಟ್ಟ ಒಂದು ಫೈಲು, ಅಷ್ಟೇ. ಅದಿಲ್ಲದಿದ್ದರೆ ತಾಣಕ್ಕೆ ಪ್ರತಿ ಸಲವೂ ನಾವು ಹೊಸಬರೇ, ಪ್ರತಿ ಸಲವೂ ಹೆಸರು, ಪಾಸ್‌ವರ್ಡ್ ಕೊಡಬೇಕು. ಮನೆಯ ಕಂಪ್ಯೂಟರಿಗೆ ಅದು ಅನುಕೂಲ. ಹತ್ತು ಜನ ಕೂರುವ ಕಡೆ, ಎದ್ದು ಹೋಗುವಾಗ ‘ಹೊರಬಂದೆ’ ಎಂದು ಒತ್ತದೆ ಹೋದರೆ ನಮ್ಮ ಹೆಸರು ಕುರ್ಚಿಯಲ್ಲೇ ಉಳಿದುಬಿಡುತ್ತದೆ. ಕೆಲವು ಜಾಹೀರಾತಿನವರಂತೂ ಹತ್ತಾರು ತಾಣಗಳಲ್ಲಿ ತಮ್ಮದೊಂದೇ ಗುರುತು ಇಟ್ಟು, ನಾವು ಎಲ್ಲಿಗೆ ಹೋದೆವು, ಏನು ನೋಡಿದೆವು ಎಂದು ಬೆನ್ನು ಹತ್ತುತ್ತಾರೆ.

ಸರ್ವಮಂಗಳಮ್ಮ ಬಕ್ಕೇಶನ ಕಡೆ ನೋಡಿದರು. ಸಂತೆಗೆ, ಗುಡಿಗೆ, ಗೆಳತಿಯ ಮನೆಗೆ ಹೆಂಡತಿಯ ಬೆನ್ನು ಹತ್ತಿದ ಕಣ್ಣುಗಳವು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದೇ ಅವನಿಗೆ ತಾಗಿತು.

"ಆತ್ರಿ," ಎಂದ ಬಕ್ಕೇಶ. "ಗಿಣಿ ಕಾರ್ಡು ಯಾರು ಬೇಕಾದ್ರೂ ಕಳಿಸಿರಬಹುದು. ಆದ್ರೆ ಮೊದಲು ಆ ಗುರುತು ಬೀಳಬೇಕಂದ್ರೆ ಅವಳು ಇಲ್ಲಿಗೆ ಬಂದಿರಬೇಕಲ್ಲ? ಇವನ ಅಂಗಡೀಗೆ?"

ಬಂದಿದ್ದಳು. ನಯನಾ ಅದನ್ನು ಮುಚ್ಚಿಟ್ಟಿರಲಿಲ್ಲ. ದಸರೆಗೆ ಮುಂಚೆ ಒಮ್ಮೆ, ನಸೀಮಾಳ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸಲು. ಅವತ್ತು ನೆಟ್ಟಗೆ ಹೊರಬರದೆ ಎದ್ದಿರಬೇಕು ಎಂದುಕೊಂಡರು ಸರ್ವಮಂಗಳಮ್ಮ. ಹಾಗಾದರೆ ಕಗ್ಗಂಟು ಬಿಚ್ಚಿದ ಹಾಗೆಯೇ.

ಶಿವಮೂರ್ತಿಯ ಮುಖ ಮಾತ್ರ ಸಣ್ಣಗಾಗಿತ್ತು. ಅವನು ತಡೆದು ತಡೆದು ಹೇಳಿದ. "ಹಂಗಾಗಾಕೆ ಬರಲ್ಲ ಮೇಡಂ. ಅವರ ಗುರುತು ನಾನೇ ಅಳಿಸಿದ್ದೆ."

ಅವನದೊಂದು ಪದ್ಧತಿ. ಆಯುಧಪೂಜೆಯ ಹಿಂದಿನ ಸಂಜೆ ಬೇರೆಯವರು ಲಾರಿ ತೊಳೆಯುತ್ತಾರೆ, ಮಗ್ಗ ಒರೆಸುತ್ತಾರೆ. ಇವನು ಕಂಪ್ಯೂಟರುಗಳ ಹೊರಗಿನ ಧೂಳು ಒರೆಸಿದ ಮೇಲೆ ಒಳಗಿನದನ್ನೂ ಗುಡಿಸುತ್ತಾನೆ. ಬ್ರೌಸರಿನ ಆಯ್ಕೆಗಳ ಪಟ್ಟಿ ತೆರೆದು ತೋರಿಸಿದ. ಇಲ್ಲಿ ಒತ್ತಿದರೆ ಉಳಿದ ಕಡತಗಳು ಹೋಗುತ್ತವೆ, ಗುರುತುಗಳಿರುವ ಈ ಫೋಲ್ಡರಿಗೆ ಹೋಗಿ ಎಲ್ಲವನ್ನೂ ಆರಿಸಿ ಅಳಿಸಿದರೆ ಅವೂ ಹೋಗುತ್ತವೆ. ಎಂಜಲು ಎಲೆಯ ಮೇಲೆ ದೇವರ ಪೂಜೆ ಮಾಡಬಾರದಲ್ಲ ಎಂದ. ಅಷ್ಟೇ ಅಲ್ಲ, ಅವತ್ತಿನಿಂದ ಎಲ್ಲ ಕಂಪ್ಯೂಟರುಗಳಲ್ಲೂ ಗುರುತು ಇಡುವ ಮುಂಚೆ ಕೇಳಿಯೇ ಇಡಬೇಕು ಎಂಬ ಕಟ್ಟಳೆ ಹಾಕಿದ್ದ. ಯಾವ ತಾಣ ಬಂದರೂ ಸಣ್ಣ ಚೌಕವೊಂದು ಎದ್ದು ‘ಇಡಲೇ, ಬೇಡವೇ’ ಎನ್ನುತ್ತದೆ. ಹೂಂ ಎಂದರಷ್ಟೇ ಉಂಟು.

ಬಕ್ಕೇಶ ಕುರ್ಚಿಯಿಂದ ಎದ್ದೇಬಿಟ್ಟ. ಆರುತ್ತಿದ್ದ ಒಲೆಗೆ ಎಣ್ಣೆ ಸುರಿದಂತಾಗಿತ್ತು.

"ಕೇಳಿದ್ರೇನ್ರಿ ಅಮ್ಮಾರೆ? ಹಬ್ಬದ ಮೇಲೆ ಮತ್ತೆ ಬಂದಾಳ. ಮತ್ತೆ ಹೆಸರು ಒತ್ಯಾಳ. ‘ಇಡು’ ಅಂತ ಹೂಂ ಅಂದಾಳ. ಇವನೇ ಹೇಳ್ತಾನಲ್ಲ, ಇನ್ನೇನ್ ಬೇಕು?"

ಸತ್ಯ ಹೇಳಿದವನೇ ನಯನಾಳನ್ನು ಬಾವಿಗೆ ನೂಕಿದಂತಿತ್ತು. ಶಿವಮೂರ್ತಿ ಮೇಜಿನ ಅಂಚು ಹಿಡಿದುಕೊಂಡ. ಗಿಣಿ ಕಾರ್ಡು ಬಂದ ದಿನವೇ, ಯಾರದೋ ಕುಚೋದ್ಯ ಎಂದು ಅದನ್ನು ತನ್ನ ಪೆಟ್ಟಿಗೆಯಿಂದ ಅಳಿಸಿ, ಯಾರಿಗೂ ಹೇಳದೆ ಸುಮ್ಮನಿದ್ದವನು ಅವನು. ಆ ಮೌನವೂ ಈಗ ಕಳ್ಳತನದ ಹಾಗೆ ಕಾಣುತ್ತಿತ್ತು.

ಸರ್ವಮಂಗಳಮ್ಮ ಕಣ್ಣು ಮುಚ್ಚಿದರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆರಳು ತಾನಾಗಿ ಮುಟ್ಟಿತು. ಎಷ್ಟು ಗುಡಿಸಿದರೂ ಕಸ ಗುಡಿಸಿದ ಗೆರೆ ನೆಲದಲ್ಲಿ ಉಳಿಯುತ್ತದೆ ಎಂದು ಅವರ ಅವ್ವ ಹೇಳುತ್ತಿದ್ದಳು.

"ಆ ಫೋಲ್ಡರ್ ಇನ್ನೊಮ್ಮೆ ತೆಗಿಯಪ್ಪ ಶಿವಮೂರ್ತಿ. ಫೈಲಿಗೆ ಹುಟ್ಟಿದ ದಿನ ಅಂತ ಇರಬೇಕಲ್ಲ?"

ಇತ್ತು. ಕಾರ್ಡುತಾಣದ ಹೆಸರು ಹೊತ್ತ ಆ ಪುಟ್ಟ ಫೈಲನ್ನು ಶಿವಮೂರ್ತಿ ಹುಡುಕಿ, ಅದರ ವಿವರ ತೆರೆದ. ಹುಟ್ಟಿದ ತಾರೀಖನ್ನು ಓದಿದ. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಮತ್ತೆ ಪರದೆಯ ಕಡೆ ತಿರುಗಿದ.

"ಆಯುಧಪೂಜೆ ದಿನ," ಎಂದ. "ಅವತ್ತು ಗಿರಾಕಿಗೆ ಅಂಗಡಿ ತೆಗೆದಿಲ್ಲ ಮೇಡಂ."

ಆ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪೂಜೆಗೆ ಕೂತ ಯಂತ್ರವನ್ನು ಅವತ್ತು ಮುಟ್ಟುವುದಿಲ್ಲ. ತಕ್ಕಡಿಯಾಗಲಿ ಟ್ರ್ಯಾಕ್ಟರಾಗಲಿ, ವಿಜಯದಶಮಿಯ ಬೆಳಗಿನವರೆಗೆ ಅದು ದೇವರು. ಅವತ್ತು ಬೆಳಿಗ್ಗೆ ಶಿವಮೂರ್ತಿ, ಕಟ್ಟಡದ ಒಡತಿಯೆಂದು ಶಕುಂತಲಮ್ಮನವರನ್ನೇ ಪೂಜೆಗೆ ಕರೆದಿದ್ದ. ಅವರು ಒಂದೊಂದು ಪರದೆಯ ನೆತ್ತಿಗೂ ಮೂರು ಬೆರಳಿನ ವಿಭೂತಿ ಎಳೆದು, ಕೀಲಿಮಣೆಗಳ ಮೇಲೆ ಚೆಂಡುಹೂ ಇಟ್ಟು, ಆರತಿ ಬೆಳಗಿದ್ದರು. ಕುಂಬಳಕಾಯಿ ಒಡೆದು, ಬಾಗಿಲು ಎಳೆದು ಎಲ್ಲರೂ ಹೋಗಿದ್ದರು.

ಸರ್ವಮಂಗಳಮ್ಮ ಬಕ್ಕೇಶನ ಎದುರು ನಿಂತರು. ಅವರು ದನಿ ಎತ್ತಲಿಲ್ಲ.

"ಆಯುಧಪೂಜೆ ದಿನ ನಯನಾ ಎಲ್ಲಿದ್ಲು?"

ಬಕ್ಕೇಶ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೊರಳಿಸಿದ.

"ಹೇಳು ತಮ್ಮಾ. ಸಂಜೆ ಹಿರಿಯರ ಮುಂದೆ ಅವಳ ಮ್ಯಾಲೆ ಮಾತಾಡೋನು ನೀನು. ಅವಳು ಎಲ್ಲಿದ್ಲು ಅಂತ ನಿನಗೇ ಗೊತ್ತಿಲ್ಲ ಅಂದ್ರೆ ಹೆಂಗೆ?"

"ಹರಿಹರದಾಗೆ."

"ಒಬ್ಬಳೇನಾ?"

ಬಕ್ಕೇಶ ಪರದೆಗೆ ಬೆನ್ನು ತಿರುಗಿಸಿದ.

"ನಾನೂ ಇದ್ದೆ," ಎಂದ. "ಹಿಂದಿನ ದಿನಾನೇ ಹೋಗಿ ಹಬ್ಬ ಅಲ್ಲೇ ಮಾಡಿದ್ವಿ. ಹೋಗ್ತಾ ಕೊಂಡಜ್ಜಿ ಕೆರೆ ನೋಡಬೇಕು ಅಂದಿದ್ಲು, ಸ್ಕೂಟರ್ ಮ್ಯಾಲೆ ಕರ್ಕೊಂಡು ಹೋಗಿದ್ದೆ. ಕೆರೆ ಏರಿ ಮ್ಯಾಲೆ ಬುತ್ತಿ ಬಿಚ್ಚಿ ಉಂಡ್ವಿ." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ನಮ್ಮ ಅಂಗಡಿ ಪೂಜೆ ಅವ್ವನೇ ಮಾಡಿದ್ಲು. ಹಬ್ಬದ ದಿನಾನೂ ಹೆಂಡತಿ ಮನೇನೇ ಬೇಕಾತೇನೋ ಅಂತ ಸಿಟ್ಟಾಗಿದ್ಲು."

ಹೆಂಡತಿಯ ಮೇಲೆ ತಾನು ತಂದ ದೂರಿಗೆ ತಾನೇ ಎದುರು ಸಾಕ್ಷಿಯಾಗಿ ನಿಂತಿದ್ದ. ಅವನಿಗೆ ಅದು ಈಗ ಅರಿವಾಯಿತು. ಕುರ್ಚಿಗೆ ಕುಸಿದು, ಅಂಗೈಯಿಂದ ಮುಖ ಒರೆಸಿಕೊಂಡ. ಸರ್ವಮಂಗಳಮ್ಮ ಅವನ ಕಡೆ ನೋಡದೆ ಕಿಟಕಿಯ ಕಡೆ ನೋಡಿದರು. ಸೋತವನನ್ನು ದಿಟ್ಟಿಸುವುದು ಅವರ ಜಾಯಮಾನವಲ್ಲ.

ಹಾಗಾದರೆ ಮುಚ್ಚಿದ ಬಾಗಿಲು ತೆರೆದು, ದೇವರಾಗಿ ಕೂತ ಯಂತ್ರದ ಮೇಲಿನ ಹೂ ಸರಿಸಿ, ನಯನಾಳ ಹೆಸರಿನಲ್ಲಿ ತಾಣ ಹೊಕ್ಕವರು ಯಾರು? ‘ಇಡಲೇ’ ಎಂದು ಚೌಕ ಕೇಳಿದಾಗ, ಬಕ್ಕೇಶ ಬಂದು ನೋಡುವಾಗ ಇದು ಇಲ್ಲೇ ಇರಲಿ ಎಂದು ಹೂಂ ಅಂದವರು ಯಾರು?

ಬಾಗಿಲಿನ ಇನ್ನೊಂದು ಕೀಲಿ ಬಕ್ಕೇಶನ ಮನೆಯಲ್ಲೇ, ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತದೆ. ಅದನ್ನು ಹೇಳಿದವನು ಶಿವಮೂರ್ತಿ. ಆ ಮನೆಯಿಂದ ಇಲ್ಲಿಗೆ ಬರುವವರು ಯಾರು ಎಂದು ಕೇಳಿದ್ದಕ್ಕೆ ಅಂಕಿತಾಳ ಹೆಸರು ಹೇಳಿದ. ಕಾಲೇಜಿನ ಕೆಲಸಕ್ಕೆ ಬರುತ್ತಾಳೆ, ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಬೇಡ ಎಂದು ಶಕುಂತಲಮ್ಮನವರೂ ಜೊತೆಗೆ ಬಂದು ಕೂರುತ್ತಾರೆ.

ಹರಿಹರದ ಬಸ್ಸಿನಲ್ಲಿ, ಸರ್ವಮಂಗಳಮ್ಮನ ಪಕ್ಕ ಕೂತ ಬಕ್ಕೇಶ ತಾನಾಗಿ ಬಾಯಿ ಬಿಟ್ಟ. ಅಂಕಿತಾ ಅವನ ಸೋದರಮಾವನ ಮಗಳು. ಓದಲೆಂದು ಅವರ ಮನೆಯಲ್ಲೇ ಇದ್ದಾಳೆ. ಅವಳನ್ನು ಅವನಿಗೇ ತಂದುಕೊಳ್ಳುವ ಮಾತು ಚಿಕ್ಕಂದಿನಿಂದ ಇತ್ತು. ಅವನು ನಯನಾಳನ್ನು ಒಪ್ಪಿದ ದಿನ ಅವಳು ಊಟ ಮಾಡಿರಲಿಲ್ಲ.

"ನಮ್ಮನ್ಯಾಗೆ ಅವಳನ್ನ ಬಿಟ್ರೆ ಕಂಪ್ಯೂಟರ್ ಯಾರಿಗೆ ಬರ್ತೈತ್ರಿ ಅಮ್ಮಾರೆ?" ಎಂದ. ಕಣ್ಣು ಆಗಲೇ ಬೇರೊಬ್ಬರ ಬೆನ್ನು ಹತ್ತಿತ್ತು.

ಸರ್ವಮಂಗಳಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಕೀಲಿ ಬಾಗಿಲನ್ನು ತೆರೆಯಿತು, ಸರಿ. ತಾಣವನ್ನು ತೆರೆಯಲು ಬೇರೆ ಕೀಲಿ ಬೇಕಿತ್ತು. ಹಳೆಯ ಗುರುತು ಅಳಿದ ಮೇಲೆ, ಪಾಸ್‌ವರ್ಡ್ ಇಲ್ಲದೆ ಆ ತಾಣ ಯಾರನ್ನೂ ನಯನಾ ಎಂದು ಕರೆಯುವಂತಿರಲಿಲ್ಲ.

ನಯನಾಳ ತವರುಮನೆ ಹೊಳೆಯ ಕಡೆಗಿತ್ತು. ಪಡಸಾಲೆಯಲ್ಲಿ ಹಿರಿಯರಿಗೆಂದು ಆಗಲೇ ಜಮಖಾನ ಹಾಸಿದ್ದರು. ಸಂಜೆಯ ಬಿಸಿಲು ಅದರ ಅಂಚಿನವರೆಗೆ ಬಂದಿತ್ತು. ನಯನಾ ಬಾಗಿಲಲ್ಲಿ ಗಂಡನನ್ನು ಕಂಡು ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡಿದ್ದರು ಸರ್ವಮಂಗಳಮ್ಮ. ಅವಳು ನಿಂತಳು. ಅಳುವನ್ನೂ ಸಿಟ್ಟನ್ನೂ ದಾಟಿಹೋದ ಮುಖ.

ಬಕ್ಕೇಶ ನಡೆದದ್ದನ್ನೆಲ್ಲ ತಾನೇ ಹೇಳಿದ. ಗುಲಾಬಿಯನ್ನೂ ಬಿಡಲಿಲ್ಲ. ಅವಳು ನಗಲಿಲ್ಲ. ಆದರೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನಿಂತಳು, ಕೊಡಬೇಕೋ ಬೇಡವೋ ಎಂದು ತಿಳಿಯದವಳ ಹಾಗೆ.

"ನಿನ್ನ ಪಾಸ್‌ವರ್ಡ್ ಯಾರಿಗೆ ಹೇಳಿದ್ದೆ ಮಗಳೇ?" ಎಂದರು ಸರ್ವಮಂಗಳಮ್ಮ.

"ಯಾರಿಗೂ ಇಲ್ರಿ."

"ಬರೆದಿಟ್ಟಿದ್ದೇನು?"

"ಬರೆಯೋ ಅಂಥದ್ದಲ್ರಿ ಅದು." ನಯನಾ ಗಂಡನ ಕಡೆ ನೋಡಿದಳು. ಕೆನ್ನೆ ಕೆಂಪಾಯಿತು, ಕೂಡಲೇ ಬಿಳಿಚಿತು. "ಇವರು ನನ್ನ ಕರಿಯೋ ಹೆಸರು. ಕ್ವಾಣಿ ಬಾಗಿಲು ಹಾಕ್ಕೊಂಡ ಮ್ಯಾಲೆ ಮಾತ್ರ ಕರೀತಾರ. ಹಾಲಕ್ಕಿ ಅಂತ. ಆ ಹಕ್ಕಿ ಹಂಗ ಬೆಳಕು ಹರಿಯಾಕ ಮುಂಚೆನೇ ಮಾತಾಡಾಕ ಸುರು ಮಾಡ್ತಿ ಅಂತ."

"ನೀನು ಯಾರಿಗಾದರೂ ಹೇಳಿದ್ದೇನಪ್ಪ? ಅಂಕಿತಾಗೆ?"

"ಅದನ್ನ ಯಾರಿಗಾದ್ರೂ ಹೇಳ್ತಾರೇನ್ರಿ?" ಎಂದ ಬಕ್ಕೇಶ. ಅವನ ದನಿ ಒಡೆದಿತ್ತು. "ಇವಳು ಈ ಹೆಸರನ್ನೇ ಪಾಸ್‌ವರ್ಡ್ ಇಟ್ಕೊಂಡಿದ್ಲು ಅಂತ ನನಗೂ ಈಗಲೇ ಗೊತ್ತಾಗಿದ್ದು."

ಮುಚ್ಚಿದ ಬಾಗಿಲಿನ ಒಳಗಿನ ಹೆಸರು, ಇಬ್ಬರಿಗೇ ಗೊತ್ತಿದ್ದ ಹೆಸರು. ಗಂಡನಲ್ಲ, ಹೆಂಡತಿಯಲ್ಲ. ಹಾಗಾದರೆ ಬಾಗಿಲಿಗೆ ಕಿವಿಯಿಟ್ಟವರು ಯಾರು?

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಹಿರಿಯರು ಇಳಿಯುತ್ತಿದ್ದರು. ಬಕ್ಕೇಶ ಅದನ್ನು ಕೇಳಿಸಿಕೊಳ್ಳಲಿಲ್ಲ. ತಂಬಿಗೆಗೆಂದು ಕೈ ಚಾಚಿದವನು ಹೆಂಡತಿಯ ಬೆರಳುಗಳನ್ನೂ ಸೇರಿಸಿ ಹಿಡಿದುಕೊಂಡಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ. ನೀರು ತುಳುಕಿ ಇಬ್ಬರ ಕೈಯೂ ಒದ್ದೆಯಾಯಿತು. ಸರ್ವಮಂಗಳಮ್ಮ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದರು.

ಹೊಸ್ತಿಲ ಮೇಲೆ ನೆರಳು ಬಿತ್ತು. ಎಲ್ಲರಿಗಿಂತ ಮೊದಲು ಬಂದವರು ಹಣ್ಣಿನ ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟಿದ್ದರು. ಕಣ್ಣು ಆ ನಾಲ್ಕು ಒದ್ದೆ ಕೈಗಳ ಮೇಲಿತ್ತು.

"ಏನೇ ಹಾಲಕ್ಕಿ," ಎಂದಿತು ಮೃದುವಾದ ದನಿ, "ನನ್ನ ಮಗ ನೀರು ಕುಡಿಯಾಕೂ ನಿನ್ನ ಕೈಯೇ ಬೇಕಾತೇನು?"

ತಂಬಿಗೆ ನೆಲಕ್ಕೆ ಬಿದ್ದು ಜಮಖಾನದವರೆಗೆ ಉರುಳಿತು. ದೇವರ ಕೋಣೆಯ ಕೀಲಿ ತೆಗೆದ ಕೈ, ಕದ್ದು ಕೇಳಿದ ಹೆಸರನ್ನೇ ಪಾಸ್‌ವರ್ಡ್ ಎಂದು ಒತ್ತಿ ನೋಡಿದ ಕೈ, ಈಗ ಹಣ್ಣಿನ ಬುಟ್ಟಿ ಹಿಡಿದಿತ್ತು.

ಶಕುಂತಲಮ್ಮ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು, ಹಣೆಯ ವಿಭೂತಿ ಒಂದಿಷ್ಟೂ ಮಾಸದೆ, ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ಹಿರಿಯರು ಚಪ್ಪಲಿ ಬಿಡುತ್ತಿದ್ದರು.